ಲ್ಯಾಬಿಗೆ ಬೇರೆ, ಕಂಬಕ್ಕೆ ಬೇರೆ

ನಾನು ಒಂದು ಕಬ್ಬಿಣದ ಅಚ್ಚು. ಬೆಳಗಾವಿಯ ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ, ಗೇಣಿಗಿಂತ ಚಿಕ್ಕವನು. ಆದರೂ ನನ್ನನ್ನು ಕೇಳದೆ ದೊಡ್ಡ ಕಟ್ಟಡಗಳಿಗೆ ಸರಕಾರದ ಒಪ್ಪಿಗೆ ಸಿಗುವುದಿಲ್ಲವೆಂಬ ಜಂಬ ನನಗಿತ್ತು.

ನಿಯಮ ಸರಳ. ಕಂಬಕ್ಕೆ ಸುರಿಯುವ ಕಾಂಕ್ರೀಟಿನಲ್ಲೇ ಒಂದಿಷ್ಟನ್ನು ನನ್ನ ಹೊಟ್ಟೆಗೆ ತುಂಬಬೇಕು. ಮಾರನೇ ದಿನ ಬೋಲ್ಟು ಬಿಚ್ಚಿದರೆ ಗಟ್ಟಿ ಕ್ಯೂಬ್ ಹೊರಬರುತ್ತದೆ. ಅದನ್ನು ನಾಲ್ಕು ವಾರ ನೀರಲ್ಲಿಟ್ಟು, ಲ್ಯಾಬಿನ ಯಂತ್ರದಡಿ ಒತ್ತಿ ಒಡೆಯುತ್ತಾರೆ. ಅದು ಎಷ್ಟು ತಡೆಯಿತೋ ಅಷ್ಟು ಕಂಬದ ಶಕ್ತಿ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವುದಿಲ್ಲವೇ, ಹಾಗೆ.

ಹುಬ್ಬಳ್ಳಿಯ ನನ್ನ ಮೊದಲ ಯಜಮಾನರು ಮಹಾ ಸಿಡುಕರು, ಆದರೆ ಕೆಲಸದಲ್ಲಿ ನೇರ. ಅವರು ತೀರಿಕೊಂಡ ಮೇಲೆ ಸಲಿಕೆ, ಬುಟ್ಟಿಗಳ ಜೊತೆ ನಾನೂ ಹಂಚಿನಾಳ ಎಂಬ ಗುತ್ತಿಗೆದಾರನ ಪಾಲಾದೆ. ಅಲ್ಲಿಂದ ನನ್ನ ಸಂಕಟ ಶುರುವಾಯಿತು.

ಹಂಚಿನಾಳ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದ. ಅವನ ಮೇಸ್ತ್ರಿ ಫಕ್ಕೀರಪ್ಪ. ಕಂಬಕ್ಕೆ ಹೋದದ್ದು ನೀರುನೀರಾದ ಮಾಲು. ನನಗೆಂದು ಮಾತ್ರ ಫಕ್ಕೀರಪ್ಪ ಒಂದು ಬುಟ್ಟಿ ಬೇರೆಯೇ ಕಲಸಿದ, ಸಿಮೆಂಟು ಧಾರಾಳ ಸುರಿದು. ಹಾಗೇಕೆಂದು ಗಾರೆ ಕೆಲಸದವಳೊಬ್ಬಳು ಕೇಳಿದರೆ ನಕ್ಕುಬಿಟ್ಟ.

"ಲ್ಯಾಬಿಗೆ ಹೋಗೂ ಕ್ಯೂಬ್ ಅಂದ್ರ ಕನ್ಯಾ ತೋರ್ಸಾಕ ಕುಂದರಿಸಿದಂಗ ಬೇ. ಮಾರಿಗೆ ಒಂಚೂರು ಪೌಡರ್ ಬೇಕಽ ಬೇಕು."

ಅದು ಮೋಸವೆಂದು ಅವನಿಗೆ ಅನಿಸಿರಲಿಕ್ಕಿಲ್ಲ. ಅವನು ದುಡಿದ ಕಡೆಯೆಲ್ಲ ಹಾಗೇ ನಡೆದಿತ್ತು. ನನಗೋ ಮೈಯೆಲ್ಲ ಉರಿಯಿತು, ಆದರೆ ಅಚ್ಚಿಗೆ ಬಾಯೆಲ್ಲಿದೆ? ಕ್ಯೂಬ್ ಪಾಸಾಯಿತು. ಒಪ್ಪಿಗೆ ಪತ್ರ ಬಂತು. ಮನೆಗಳು ತುಂಬಿದವು.

ಖುಷಿಯಾದ ಹಂಚಿನಾಳ ನೆಲಮಹಡಿಯ ಅಂಗಡಿಯನ್ನು ಫಕ್ಕೀರಪ್ಪನ ಮಗಳು ಶಿವಲೀಲಾಳ ಹೊಲಿಗೆಗೆ ಕಡಿಮೆ ಬಾಡಿಗೆಗೆ ಕೊಟ್ಟ. ಮೂಲೆ ಮುಕ್ಕಾಗಿ ಕೆಲಸಕ್ಕೆ ಬಾರದ ನನ್ನನ್ನು ಅವಳೇ ತರಿಸಿಕೊಂಡಳು, ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಡಲು.

ಫಕ್ಕೀರಪ್ಪ ದಿನವೂ ಬರುತ್ತಿದ್ದ. ಮಗಳ ಮುಖ ನೋಡದೆ ಕಂಬ ನೋಡುತ್ತಿದ್ದ. "ಬ್ಯಾರೆ ಕಡೆ ಅಂಗಡಿ ನೋಡವಾ" ಎನ್ನುತ್ತಿದ್ದ. ಕಾರಣ ಮಾತ್ರ ಹೇಳುತ್ತಿರಲಿಲ್ಲ. ತನ್ನ ದುಡಿಮೆ ಅಪ್ಪನಿಗೆ ಸೇರದೆಂದು ಅವಳು ಮುನಿಸಿಕೊಂಡಳು. ಪಾಪ, ಇಬ್ಬರ ನಡುವೆ ಮಾತು ನಿಂತುಹೋಯಿತು.

ಒಂದು ಮಧ್ಯಾಹ್ನ ಅವಳ ಮುಂದಿದ್ದ ರವಿಕೆ ಬಟ್ಟೆಯ ಮೇಲೆ ಪುಡಿ ಉದುರಿತು. ಕಂಬದಲ್ಲಿ ಬಿರುಕು. ಅಂದೂ ಬಂದಿದ್ದ ಫಕ್ಕೀರಪ್ಪ ಉಗುರಿನಿಂದ ಕೆರೆದ. ಮರಳು ಸುರಿಯಿತು. ಶಿವಲೀಲಾ ಎದ್ದು ಬಂದಳು.

"ಲ್ಯಾಬಿನ್ಯಾಗ ಪಾಸಾಗೇತಲ್ಲೋ ಯಪ್ಪಾ?"

"ಲ್ಯಾಬಿಗೆ ಕಳ್ಸಿದ್ದು ಬ್ಯಾರೆ, ಕಂಬಕ್ಕ ಹಾಕಿದ್ದು ಬ್ಯಾರೆ. ನಾನಽ ಕಲಸೇನಿ. ಮೊದಲ ಹೊರಗ ನಡಿ."

ಅಪ್ಪ ಮಗಳು ಸೇರಿ ಹೊಲಿಗೆ ಯಂತ್ರಗಳನ್ನು ರಸ್ತೆಬದಿಗೆ ಎಳೆದು ತಂದರು. "ಸದ್ಯ, ನೀ ಪಾರಾದಿ" ಎಂದು ಅವನು ಬೆವರು ಒರೆಸಿಕೊಂಡ.

ಶಿವಲೀಲಾ ಕತ್ತೆತ್ತಿ ನೋಡಿದಳು. ಮೇಲಿನ ಬಾಲ್ಕನಿಯಲ್ಲಿ ಕೂಸಿನ ದುಪಟಿಗಳು ಒಣಗುತ್ತಿದ್ದವು. ಯಾರದೋ ಮನೆಯ ಕುಕ್ಕರ್ ಕೂಗಿತು.

"ಮ್ಯಾಲಿನವ್ರಿಗೆ ಹೇಳವ್ರು ಯಾರು?"

ಅವನು ಮೆಟ್ಟಿಲ ಕಡೆ ನೋಡಿದ. ಹೇಳಿದರೆ ಕೆಲಸ ಹೋದೀತು, ಪೊಲೀಸರು ಬಂದಾರು, ಹಂಚಿನಾಳ ಎಲ್ಲವನ್ನೂ ಇವನ ತಲೆಗೇ ಕಟ್ಟಿಯಾನು. ಇಷ್ಟು ಕಾಲ ನನ್ನೊಳಗೆ ತುಂಬಿದ್ದೆಲ್ಲ ಯಂತ್ರದಡಿ ಹೋಗಿ ನಿಂತಿದೆ. ನನ್ನನ್ನು ತುಂಬಿದವನಿಗೇ ಪರೀಕ್ಷೆಯ ಸರದಿ ಬರುವುದನ್ನು ನಾನು ಕಂಡದ್ದು ಅಂದೇ. ನನಗೆ ಅವನ ಮೇಲೆ ಸಿಟ್ಟಿತ್ತು, ಆ ಹೊತ್ತು ಕನಿಕರವೂ ಬಂತು.

ಫಕ್ಕೀರಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಮೊದಲ ಬಾಗಿಲು ತೆರೆದ ಸದ್ದಾಯಿತು. ಹೆಂಗಸೊಬ್ಬಳ ದನಿ ಕೇಳಿತು: "ಓಹೋ ಮೇಸ್ತ್ರಿ, ಊಟ ಆತೇನ್ರಿ? ಬರ್ರಿ ಒಳಗ."

"ಒಳಗ ಬರೂದಿಲ್ಲ ತಂಗಿ" ಎಂದ ಅವನು. "ಕೂಸಿನ್ನ ಎತಗೊಂಡು ನೀನಽ ಹೊರಗ ಬಾ."