ಪೆಟ್ರೊನಿಲ್ಲಾಳ ಗುರಿ

ಆತ್ಮರಕ್ಷಣೆಗೆಂದು ಒಂದು ದಿನದ ಪಿಸ್ತೂಲು ತರಬೇತಿಗೆ ಮೊದಲು ಹೆಸರು ಕೊಟ್ಟವಳು ಪೆಟ್ರೊನಿಲ್ಲಾ. "ಅಕ್ಕಾ, ನಾನೂ ಬರ್ತೇನೆ" ಎಂದು ಮೈದುನನ ಹೆಂಡತಿ ರೀಮಾ ಬೆನ್ನು ಹತ್ತಿದಾಗಲೇ ಅವಳ ಹೊಟ್ಟೆ ಉರಿಯಿತು. ಬಹ್ರೈನಿನ ಗುಫೂಲ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಅತ್ತೆಯ ಬಾಯಲ್ಲಿ ದಿನವಿಡೀ ರೀಮಾಳದೇ ಹೊಗಳಿಕೆ. ಇದೊಂದಾದರೂ ತನ್ನದಾಗಿರಲಿ ಎಂದುಕೊಂಡಿದ್ದಳು.

ತರಬೇತಿಯ ದಿನ ಬೆಳಿಗ್ಗೆ ರೀಮಾಳ ಒಂದು ಗುಂಡೂ ಗುರಿ ಮುಟ್ಟಲಿಲ್ಲ. ಪೆಟ್ರೊನಿಲ್ಲಾಳದು ಒಂದೂ ತಪ್ಪಲಿಲ್ಲ. ಅವತ್ತು ಊಟದ ಬಿರಿಯಾನಿ ಅವಳಿಗೆ ಬಹಳ ರುಚಿಸಿತು.

ಮಧ್ಯಾಹ್ನ ಪರೀಕ್ಷೆ. ಗುರಿಗೆಂದು ನಿಲ್ಲಿಸಿದ ಕಾಗದದ ಮನುಷ್ಯರು ಒಬ್ಬೊಬ್ಬರಾಗಿ ಸರ್ರನೆ ಇತ್ತ ತಿರುಗುತ್ತಿದ್ದರು. ಆಯುಧ ಹಿಡಿದವರಿಗೆ ಮಾತ್ರ ಹೊಡೆಯಬೇಕು. ಪೆಟ್ರೊನಿಲ್ಲಾ ಮೊಬೈಲ್ ಹಿಡಿದ ಹೆಂಗಸಿನ ಎದೆಗೇ ಗುಂಡು ಹೊಡೆದಳು. ರೀಮಾ ಅದೇ ಹೆಂಗಸನ್ನು ನೋಡಿ ಪಿಸ್ತೂಲು ಕೆಳಗಿಳಿಸಿದಳು.

"ಮಾಶಾಅಲ್ಲಾಹ್! ಇದೇ ಇವತ್ತಿನ ಪಾಠ," ಎಂದು ಬಹ್ರೈನಿ ತರಬೇತುದಾರ ಎಲ್ಲರೆದುರು ರೀಮಾಳನ್ನು ಮೆಚ್ಚಿಕೊಂಡ.

ಮನೆಗೆ ಬಂದದ್ದೇ ಪೆಟ್ರೊನಿಲ್ಲಾ, "ಬೆಳಿಗ್ಗೆ ಇವಳದ್ದು ಒಂದೂ ತಾಗ್ಲಿಲ್ಲ ಮಮ್ಮಿ" ಎಂದು ಅತ್ತೆಗೆ ವರದಿ ಒಪ್ಪಿಸಿದಳು.

"ಹೌದು ಮಮ್ಮಿ, ಅಕ್ಕನದ್ದು ಒಂದೂ ತಪ್ಪಲಿಲ್ಲ ಗೊತ್ತುಂಟಾ!" ರೀಮಾ ನಕ್ಕಳು. ತನಗೆ ಸಿಕ್ಕ ಮೆಚ್ಚುಗೆಯ ಸುದ್ದಿಯನ್ನೇ ಎತ್ತಲಿಲ್ಲ.

"ನೋಡು, ಇವಳ ಮನಸ್ಸು ಎಷ್ಟು ದೊಡ್ಡದು!" ಎಂದರು ಅತ್ತೆ.

ಪೆಟ್ರೊನಿಲ್ಲಾ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.