ಎಲ್ಡನ್ ಸ್ಟ್ರೌಡ್ ಜಡ್ಜ್ ಆಗಹೊರಟಿದ್ದು

ಅಮೆರಿಕದ ಕೆಂಟಕಿಯ ಬೆಟ್ಟಗಳ ನಡುವಿನ ಟ್ಯಾನರ್ಸ್ ಫೋರ್ಕ್ ಎಂಬ ಊರಿನಲ್ಲಿ ಎಲ್ಡನ್ ಸ್ಟ್ರೌಡ್ ಇಪ್ಪತ್ತೆರಡು ವರ್ಷದಿಂದ ವಕೀಲ. ಅಲ್ಲಿ ಜಡ್ಜ್‌ಗಳನ್ನು ಊರಿನವರೇ ಓಟು ಹಾಕಿ ಆರಿಸುತ್ತಾರೆ; ಆ ವರ್ಷ ಅವನೂ ಆ ಚುನಾವಣೆಗೆ ನಿಂತ. ಎದುರಾಳಿ, ಹದಿನಾರು ವರ್ಷದಿಂದ ಆ ಕುರ್ಚಿ ಬಿಡದ ಜಡ್ಜ್ ಪ್ರೂಯಿಟ್. ಯಾಕೆ ನಿಂತೆ ಎಂದು ಕೇಳಿದವರಿಗೆ ಕೊಡಲು ಎಲ್ಡನ್ ಕರಪತ್ರ ಅಚ್ಚು ಹಾಕಿಸಿದ್ದ: ಅನುಭವ, ನಿಷ್ಪಕ್ಷಪಾತ, ಊರಿನ ಸೇವೆ. ಮನೆಮನೆಗೆ ಹೋಗಿ ಅದನ್ನು ಹಂಚುತ್ತಿದ್ದ.

ವರ್ನಾ ಪಿಕೆಟ್‌ಳ ಮನೆಯನ್ನು ಮಾತ್ರ ಎರಡು ಸಲ ನೋಡಿಯೂ ನೋಡದಂತೆ ದಾಟಿದ್ದ. ಮೂರನೆಯ ಸಲ ಆಕೆ ಜಗಲಿಯಲ್ಲೇ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಕೈಬೀಸಿ ಕರೆದಳು. ಅವನು ಚಿಕ್ಕವನಿದ್ದಾಗ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಮಕ್ಕಳೆಲ್ಲ ಮಿಸ್ ವರ್ನಾ ಎನ್ನುತ್ತಿದ್ದವಳು, ಹೋಗದಿರಲು ಆಗಲಿಲ್ಲ. ಆಕೆಯ ಮಗಳು ಡಾರ್ಲಾ ವೃದ್ಧಾಶ್ರಮದ ಕೆಲಸದಲ್ಲಿದ್ದಾಗ ನೋವಿನ ಮಾತ್ರೆಯ ಚಟ ಹತ್ತಿ, ಅದನ್ನು ಕದ್ದು ಸಿಕ್ಕಿಬಿದ್ದಿದ್ದಳು. ಅವಳ ಪರ ನಿಂತಿದ್ದವನು ಎಲ್ಡನ್. ಪ್ರೂಯಿಟ್ ಎಂಟು ವರ್ಷ ಜೈಲು ಹಾಕಿದ್ದರು. ಅದರಲ್ಲಿ ಎರಡು ಕಳೆದಿದ್ದವು.

ಅವನು ಕರಪತ್ರ ಚಾಚಿದ. ಆಕೆ ಮುಟ್ಟಲಿಲ್ಲ.

"ಅದನ್ನ ಓದಿದೀನಿ. ನಿನಗೆ ಯಾಕಪ್ಪಾ ಬೇಕು ಆ ಕುರ್ಚಿ?"

ಕರಪತ್ರ ಮಡಿಚಿ ಜೇಬಿಗಿಟ್ಟ. ಅವನು ಮೆಟ್ಟಿಲ ಮೇಲೆ ಕೂತ.

"ಹೆದರಿಕೆಗೆ, ಮಿಸ್ ವರ್ನಾ. ಡಾರ್ಲಾನ ಜೈಲಿಗೆ ಹಾಕ್ಬೇಡಿ, ಚಿಕಿತ್ಸೆಗೆ ಕಳಿಸಿ ಅಂತ ಅವಳ ಡಾಕ್ಟರು ಒಂದು ಕಾಗದ ಬರ್ಕೊಟ್ಟಿದ್ರು. ನನ್ನ ಫೈಲಲ್ಲೇ ಇತ್ತು. ಪ್ರೂಯಿಟ್ ಊಟಕ್ಕೆ ಏಳೋ ಆತುರದಲ್ಲಿದ್ರು. ಅವರನ್ನ ಕೆಣಕಿದ್ರೆ ಆ ವಾರದ ನನ್ನ ಬೇರೆ ಕೇಸೆಲ್ಲ ಕೆಡುತ್ತೆ ಅನ್ನಿಸ್ತು. ಕಾಗದ ಕೊಡ್ಲೇ ಇಲ್ಲ. ಆ ಕುರ್ಚಿ ಮೇಲೆ ಕೂತ್ರೆ ಇನ್ಯಾರಿಗೂ ಹೆದರ್ಬೇಕಾಗಿಲ್ಲ, ಅದಕ್ಕೆ."

ವರ್ನಾಳ ಕೈ ನಿಂತುಹೋಯಿತು. ಬೈದರೆ ಸಾಕೆಂದು ಅವನು ಕಾದ. ಆಕೆ ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಜಗಲೀಲಿ ಹೇಳಿದ್ರೆ ಏನು ಬಂತು?" ಎಂದಳು. "ಶನಿವಾರ ಊರೆಲ್ಲ ಸೇರುತ್ತಲ್ಲ, ಅಲ್ಲಿ ಹೇಳು."

ಶನಿವಾರ ಅಗ್ನಿಶಾಮಕ ಠಾಣೆಯಲ್ಲಿ ಕರಿದ ಮೀನಿನ ಊಟ, ಆಮೇಲೆ ಅಭ್ಯರ್ಥಿಗಳ ಮಾತು. ಪ್ರೂಯಿಟ್ ಮುಂದಿನ ಸಾಲಿನಲ್ಲೇ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಎಲ್ಡನ್ ವೇದಿಕೆ ಹತ್ತಿದ. ಡಾರ್ಲಾಳ ವಿಷಯವನ್ನು ತನ್ನ ತಪ್ಪು ಸಹಿತ ಒಂದೂ ಬಿಡದೆ ಹೇಳಿ ಕೆಳಗಿಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಹೆಂಡತಿಯೇ ಕಾರು ಓಡಿಸಿ ಮನೆಗೆ ಕರೆತಂದಳು. ಕಾರಿನಿಂದ ಇಳಿಯುವಾಗ, ಮೊದಲು ನನಗೆ ಹೇಳಬಹುದಿತ್ತು ಎಂದಷ್ಟೇ ಅಂದಳು.

ಅವನು ಹೀನಾಯವಾಗಿ ಸೋತ. ಪುಕ್ಕಲನನ್ನು ಜಡ್ಜ್ ಮಾಡುವುದು ಹೇಗೆ ಎಂದು ಊರಿನವರು ಆಡಿಕೊಂಡರು. ಅವನಿಗೂ ಅವರದು ತಪ್ಪೆನ್ನಿಸಲಿಲ್ಲ.

ಆದರೆ ಅವನು ಆ ಶನಿವಾರ ಹೇಳಿದ್ದು ಜೈಲಿನವರೆಗೂ ಹೋಯಿತು. ಡಾರ್ಲಾಳ ಹೊಸ ವಕೀಲೆ ಕೇಸನ್ನು ಮತ್ತೆ ತೆರೆಸಿದಳು. ಎಲ್ಡನ್ ಸಾಕ್ಷಿಕಟ್ಟೆಯಲ್ಲಿ ನಿಂತು, ಪ್ರೂಯಿಟ್ ಬದಲು ಹೊರಗಿನಿಂದ ಬಂದ ಜಡ್ಜ್ ಎದುರು ಪ್ರಮಾಣ ಮಾಡಿ ಅದನ್ನೇ ಹೇಳಿದ. ಉಳಿದ ಶಿಕ್ಷೆ ರದ್ದಾಗಿ ಡಾರ್ಲಾ ಚಿಕಿತ್ಸೆಗೆ ಹೋದಳು. ಕಾಗದ ಕೊಡದ ತಪ್ಪಿಗೆ ವಕೀಲರ ಸಂಘ ಎಲ್ಡನ್‌ಗೆ ಲಿಖಿತ ಛೀಮಾರಿ ಹಾಕಿತು. ಕಕ್ಷಿಗಾರರು ಒಬ್ಬೊಬ್ಬರಾಗಿ ಬೇರೆಡೆಗೆ ಸರಿದರು.

ಮೇ ತಿಂಗಳಲ್ಲಿ ಡಾರ್ಲಾ ಮನೆಗೆ ಬಂದಳೆಂದು ಅಂಚೆಯವನು ಹೇಳಿದ. ವರ್ನಾ ಎಲ್ಡನ್‌ಗೆ ಫೋನ್ ಮಾಡಲಿಲ್ಲ. ಒಮ್ಮೆ ಔಷಧಿ ಅಂಗಡಿಯಲ್ಲಿ ಎದುರಾದಾಗ ತಲೆಯಾಡಿಸಿ ದಾರಿ ಬಿಟ್ಟಳು, ಅಷ್ಟೇ.