ಸುಡಲೆಂದೇ ಕೊಂಡ ಕೊಟ್ಟಿಗೆ

ಲೈಮನ್ ಹ್ಯಾಸ್ಕೆಟ್ ನೆಬ್ರಾಸ್ಕಾದ ಹೊಲ ಬಿಟ್ಟು ಹಾಲಿವುಡ್ಡಿಗೆ ಬಂದಾಗ ಸ್ಟುಡಿಯೋದವರು ಅವನನ್ನು ಕುದುರೆ ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ಒಂದು ದಿನ ನಿರ್ದೇಶಕ ಕುಡಿದು ಮಲಗಿದ. ದೊಡ್ಡ ಗಂಟಲು ಯಾರಿಗಿದೆಯೆಂದು ನೋಡಿ, ಮೆಗಾಫೋನನ್ನು ಲೈಮನ್ನನ ಕೈಗೆ ಕೊಟ್ಟರು. ಅಲ್ಲಿಂದ ಆರು ವರ್ಷದಲ್ಲಿ ಹನ್ನೊಂದು ಮೂಕಿಚಿತ್ರ ಮಾಡಿದ.

"ನನ್ನ ಚಿತ್ರದಲ್ಲಿ ಕುದುರೆಗಳು ಮಾತ್ರ ಚೆನ್ನಾಗಿ ನಟಿಸ್ತವೆ. ನನ್ನ ಮಾತು ಕೇಳದೇ ಇರೋವು ಅವೇ ಅಲ್ವಾ!" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಕೊನೆಯ ಮೂರು ಚಿತ್ರ ನೆಲಕಚ್ಚಿದಾಗ ಸ್ಟುಡಿಯೋದ ಒಡೆಯ ಗ್ರೂಬರ್ ನಗಲಿಲ್ಲ. "ಈ ಸಲ ಬೆಂಕಿ ದೃಶ್ಯ ಎದೆ ನಡುಗಿಸ್ಬೇಕು, ಲೈಮನ್. ಇಲ್ದಿದ್ರೆ ನಿನ್ನ ಜಾಗಕ್ಕೆ ಬೇರೆಯವನು" ಎಂದ.

ಕಣಿವೆಯ ರೈತನೊಬ್ಬನಿಂದ ಹಳೇ ಕೊಟ್ಟಿಗೆಯೊಂದನ್ನು ಸುಡಲೆಂದೇ ಕೊಂಡರು. ಇದ್ದದ್ದು ಒಂದೇ ಕೊಟ್ಟಿಗೆ, ಸುಡುವುದೂ ಒಂದೇ ಸಲ. ಬೆಳಿಗ್ಗೆ ಲೈಮನ್ ಒಳಗೆ ಹೋಗಿ ನೋಡಿದ. ಅಟ್ಟದ ಮೇಲೆ ಇನ್ನೂ ಘಮ ಹೋಗದ ಮೇವಿತ್ತು. ಒಂದು ಹಿಡಿ ಮೂಸಿ ಹೊರಗೆ ಬಂದ.

ಬಿಸಿಲು ಸರಿಯಾಗಿ ಬಿದ್ದಾಗ ಬೆಂಕಿ ಇಟ್ಟರು. ಕ್ಯಾಮೆರಾದ ಓಟಿಸ್ ಒಂದೇ ಸಮನೆ ರೀಲು ಓಡಿಸುವ ಹಿಡಿಕೆ ತಿರುಗಿಸತೊಡಗಿದ. ಜ್ವಾಲೆ ಅಟ್ಟಕ್ಕೇರಿ ಮೇವಿನ ಹೊಗೆ ಮೂಗಿಗೆ ಬಡಿದದ್ದೇ ತಡ, ಲೈಮನ್ನನಿಗೆ ತಾನು ನಿರ್ದೇಶಕನೆಂಬುದೇ ಮರೆತುಹೋಯಿತು. ಮೆಗಾಫೋನ್ ಎಸೆದು ಬಕೆಟ್ ಹಿಡಿದು ಓಡಿದ.

"ನೀರು! ನೀರು ತನ್ರೋ! ಮೇವು ಹೋಯ್ತಲ್ಲೋ!"

ಗುಂಪಿನ ದೃಶ್ಯಕ್ಕೆಂದು ಕರೆತಂದಿದ್ದವರೂ ಹೊಲದ ಆಳುಗಳೇ. ಯಾರೂ ಹೇಳಿಕೊಡದೆ ಸಾಲುಗಟ್ಟಿ ಬಕೆಟ್ ದಾಟಿಸಿದರು. ನಾಯಕಿಯನ್ನು ಎತ್ತಿ ತರಬೇಕಿದ್ದ ನಾಯಕ ಮಾತ್ರ ತನ್ನನ್ನು ಯಾವಾಗ ಕರೆಯುತ್ತಾರೋ ಎಂದು ಕಾಯುತ್ತ ನಿಂತಿದ್ದ. ಅರ್ಧ ಕೊಟ್ಟಿಗೆ ಉಳಿಯಿತು.

"ನಾನು ಅಡ್ಡ ಬಂದದ್ದು ಕಾಣ್ಲಿಲ್ವೇನೋ?" ಎಂದು ಲೈಮನ್ ಕೆಮ್ಮುತ್ತ ಕೇಳಿದ.

"ಕಾಣ್ತು, ಯಜಮಾನ್ರೇ. ಆದ್ರೆ ನೀವು ನಿಲ್ಸು ಅನ್ಲಿಲ್ವಲ್ಲ" ಎಂದ ಓಟಿಸ್. ನಿರ್ದೇಶಕ ಹೇಳದೆ ಹಿಡಿಕೆ ನಿಲ್ಲಿಸಿದ ಕ್ಯಾಮೆರಾದವನಿಗೆ ಮರುದಿನ ಕೆಲಸವಿರುತ್ತಿರಲಿಲ್ಲ.

ಮೂರನೆಯ ದಿನ ಗ್ರೂಬರ್ ಆ ರೀಲನ್ನು ಎರಡು ಸಲ ಹಾಕಿಸಿ ನೋಡಿದ.

"ಈ ಬಕೆಟ್ಟಿನವನು ಯಾರು?"

"ನಾನೇ, ಸಾರ್."

"ಮುಖ ನೋಡು, ಹೆಂಗೆ ಹೆದರಿದಾನೆ! ನಿನ್ನ ಹನ್ನೊಂದು ಚಿತ್ರದಲ್ಲಿ ಒಬ್ನಾದ್ರೂ ಹಿಂಗೆ ಹೆದರಿದ್ನಾ?"

"ಇಲ್ಲ ಸಾರ್. ನಿರ್ದೇಶಕ ಸರಿಯಿರ್ಲಿಲ್ಲ."

"ನಾನೂ ಅದನ್ನೇ ಹೇಳೋಕೆ ಬಂದೆ. ನಿರ್ದೇಶನಕ್ಕೆ ಬೇರೆಯವನು ಬರ್ತಾನೆ. ನಾಯಕಿಯ ಅಪ್ಪನ ಪಾತ್ರ ನಿಂದು."

ಸೋಮವಾರ ಹೊಸ ನಿರ್ದೇಶಕ ಬಂದ. ಬೆಂಕಿ ಹೋಗಲಿ, ಹೊಗೆಯೂ ಇಲ್ಲದ ಬಯಲಿನಲ್ಲಿ ಲೈಮನ್ನನನ್ನು ನಿಲ್ಲಿಸಿ, "ಹೆದರಿ! ಇನ್ನೂ ಹೆದರಿ!" ಎಂದು ಕೂಗಿದ. ಲೈಮನ್ ಒಂಬತ್ತು ಸಲ ಹೆದರಲು ನೋಡಿದ. ಒಂಬತ್ತು ಸಲವೂ ಹಲ್ಲುನೋವಿನವನ ಹಾಗೆ ಕಂಡ.

"ನಿಮ್ಮೊಳಗೆ ಕೊಟ್ಟಿಗೆ ಉರೀತಿದೆ ಅಂದ್ಕೊಳ್ಳಿ."

"ಆಗ್ಲಿ ಸಾರ್" ಎಂದ ಲೈಮನ್, ಬಹಳ ವಿನಯದಿಂದ.

ಆರು ವರ್ಷ ಎಲ್ಲ ನಟರೂ ತನಗೆ ಹೀಗೇ ಅನ್ನುತ್ತಿದ್ದುದು ಅವನ ನೆನಪಿಗೆ ಬಂತು. ತಾನು ಅದನ್ನು ಗೌರವವೆಂದು ತಿಳಿದಿದ್ದೆನಲ್ಲ! ಅವನಿಗೆ ತಡೆಯಲಾರದಷ್ಟು ನಗು ಬಂತು. ಹತ್ತನೆಯ ಸಲವೂ ಕೆಟ್ಟಿತು.